ಕರೆ ಕಡಿತವಾಗಿರಲಿಲ್ಲ

ಕೊರೊನಾ ಕಳೆದು ಎರಡು ವರ್ಷವಾಗಿತ್ತು ಎಂದು ನಾನು ಹೇಳುತ್ತೇನೆ. ಮೂರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಪುಕ್ಕಟೆಯಾದ ಮೇಲಿನ ಮಾತು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಅದರಲ್ಲೂ ಆ ಸಾಕ್ಷಿ ತನ್ನ ಬಗ್ಗೆ ತಾನೇ ಒಳ್ಳೆಯದು ಹೇಳಿಕೊಳ್ಳುತ್ತಿದ್ದರೆ ಎರಡು ಸಲ ಅನುಮಾನಿಸಿ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ಈ ಪ್ರಸಂಗದಲ್ಲಿ ಅಂಥ ಸಾಕ್ಷಿ ನಾನೇ. ಆದ್ದರಿಂದ ನನಗೆ ಖಚಿತವಾಗಿರುವುದನ್ನು ಖಚಿತವೆಂದೂ, ಅನುಮಾನವಿರುವುದನ್ನು ಅನುಮಾನವೆಂದೂ ಹೇಳಿಕೊಂಡೇ ಬರೆಯುತ್ತೇನೆ.

ಆಗ ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಜೊತೆಗೆ ತಿಂಗಳಲ್ಲಿ ಐದಾರು ದಿನ ನಮ್ಮ ಭಾಗದ ಒಂದು ಬಾನುಲಿ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕನ ಕೆಲಸ. ಕೇಂದ್ರದ ಹೆಸರು ಇಲ್ಲಿ ಬೇಡ. ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಅರ್ಧ ಗಂಟೆಯ ನೇರ ಫೋನ್-ಇನ್ ಕಾರ್ಯಕ್ರಮ ಇರುತ್ತಿತ್ತು. ಒಬ್ಬ ಅಧಿಕಾರಿಯನ್ನು ಕರೆದು ಕೂರಿಸುವುದು, ಊರೂರುಗಳಿಂದ ಜನ ಫೋನ್ ಮಾಡಿ ತಮ್ಮ ಸಮಸ್ಯೆ ಹೇಳುವುದು, ಅಧಿಕಾರಿ ಉತ್ತರಿಸುವುದು. ನಡುವೆ ನಾನು.

ಸ್ಟುಡಿಯೋದಲ್ಲಿ ಎರಡು ಕೋಣೆ, ನಡುವೆ ದೊಡ್ಡ ಗಾಜು. ಈ ಕಡೆ ನಾನು ಮತ್ತು ಅತಿಥಿ. ಆ ಕಡೆ ಕಾರ್ಯಕ್ರಮದ ಹೊಣೆ ಹೊತ್ತ ಮೇಡಂ ಮತ್ತು ತಂತ್ರಜ್ಞ ಖಾಜಾಸಾಹೇಬರು. ಕರೆಗಳನ್ನು ಮೊದಲು ಎತ್ತುತ್ತಿದ್ದವರು ಖಾಜಾಸಾಹೇಬರೇ. ಹೆಸರು, ಊರು, ಪ್ರಶ್ನೆ ಕೇಳಿಕೊಂಡು, ‘ನಿಮ್ಮ ರೇಡಿಯೋ ಸೌಂಡ್ ಸಣ್ಣ ಮಾಡಿ ಕಾಯ್ರಿ’ ಎಂದು ಹೇಳಿ, ಚೀಟಿ ಬರೆದು ಗಾಜಿಗೆ ಅಂಟಿಸುತ್ತಿದ್ದರು. ನನ್ನ ಮುಂದೆ ಒಂದು ಹಲಗೆ, ಅದರಲ್ಲಿ ಮೇಲೆ ಕೆಳಗೆ ಸರಿಯುವ ಗುಂಡಿಗಳು. ಒಂದನ್ನು ಮೇಲೆ ಸರಿಸಿದರೆ ಕರೆ ಮಾಡಿದವರ ದನಿ ಪ್ರಸಾರವಾಗುತ್ತದೆ, ಕೆಳಗೆಳೆದರೆ ನಿಲ್ಲುತ್ತದೆ. ನಿಂತದ್ದು ಫೋನ್ ಹಿಡಿದವರಿಗೆ ತಿಳಿಯುವುದಿಲ್ಲ. ಅವರು ಮಾತಾಡುತ್ತಲೇ ಇರುತ್ತಾರೆ.

ಇನ್ನೊಂದು ಪದ್ಧತಿಯೂ ಇತ್ತು. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ನನಗೆ ಕಲಿಸಿಯೂ ಇರಲಿಲ್ಲ. ನನಗಿಂತ ಮೊದಲಿದ್ದವರು ಮಾಡುತ್ತಿದ್ದುದನ್ನು ನೋಡಿ ಕಲಿತದ್ದು. ಕರೆ ಮಾಡಿದವರ ಮಾತು ಖಾರವಾಯಿತು, ಯಾರದೋ ಹೆಸರು ಬರತೊಡಗಿತು ಎಂದರೆ ಗಾಜಿನ ಆಚೆಯಿಂದ ಮೇಡಂ ಅಂಗೈಯನ್ನು ನಿಧಾನಕ್ಕೆ ಕೆಳಗಿಳಿಸಿ ತೋರಿಸುತ್ತಿದ್ದರು. ನಾನು ಗುಂಡಿ ಕೆಳಗೆಳೆದು, ‘ಕ್ಷಮಿಸಿ, ಕರೆ ಕಡಿತವಾದಂತಿದೆ. ಮುಂದಿನ ಕರೆ ತೆಗೆದುಕೊಳ್ಳೋಣ’ ಎನ್ನುತ್ತಿದ್ದೆ. ಮುಂದಿನ ಕರೆ ಸಿದ್ಧವಿಲ್ಲದಿದ್ದರೆ ಒಂದು ಹಾಡು. ನಮ್ಮ ಕಡೆ ಫೋನ್ ಲೈನು ನಿಜವಾಗಿಯೂ ಆಗಾಗ ಹೋಗುವುದರಿಂದ ಕೇಳುಗರು ನಂಬುತ್ತಿದ್ದರು. ಎಷ್ಟು ಸಲ ಹೀಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅದು ಸುಳ್ಳು ಎಂದು ಆಗ ಅನ್ನಿಸಿಯೂ ಇರಲಿಲ್ಲ. ಅದು ಕೆಲಸದ ಭಾಗ, ಅಷ್ಟೆ.

ಆ ಸಲ ಬಸ್ ಸೌಲಭ್ಯದ ಬಗ್ಗೆ ಕಾರ್ಯಕ್ರಮ. ಒಂದು ಡಿಪೊದ ಅಧಿಕಾರಿ ಬಂದಿದ್ದರು. ಮೂರನೆಯದೋ ನಾಲ್ಕನೆಯದೋ ಕರೆ ಯಂಕಮ್ಮ ಎಂಬ ಹೆಣ್ಣುಮಗಳದ್ದು. ಪಾಮನಕಲ್ಲೂರು ದಾಟಿ ಲಿಂಗಸುಗೂರಿಗೆ ಹೋಗುವ ಕಡೆ ಒಂದು ಕ್ರಾಸ್, ಅಲ್ಲಿಂದ ಒಳಗೆ ಅವರ ಊರು.

“ಮುಂಜಾನಿ ಬಸ್ ನಮ್ಮ ಕ್ರಾಸಿಗೆ ನಿಲ್ಲಂಗಿಲ್ರಿ ಸರ. ನಮ್ಮ ಮನಿಯಾರಿಗೆ ಕಿಡ್ನಿ ಹೋಗ್ಯಾವ. ವಾರಕ್ಕ ಎರಡು ಸಲ, ಮಂಗಳಾರ ಶುಕ್ರಾರ, ಲಿಂಗಸೂರು ದವಾಖಾನ್ಯಾಗ ಮಿಷನ್ನಿಗಿ ಹಚ್ಚಬೇಕು. ಆ ಡ್ರೈವರ್ ಏನಂತಾನ ಅಂದ್ರ...” ಎಂದು ಶುರು ಮಾಡಿದಳು. ಡ್ರೈವರ್ ಅಂದದ್ದನ್ನು ಅಂದಂತೆಯೇ ಹೇಳಿದಳು. ಅದು ಇಲ್ಲಿ ಬರೆಯುವ ಮಾತಲ್ಲ. ಬಸ್ಸಿನ ನಂಬರನ್ನೂ ಹೇಳತೊಡಗಿದಳು. ಅಧಿಕಾರಿ ಕುರ್ಚಿಯಲ್ಲಿ ಅತ್ತಿತ್ತ ಸರಿದರು. ಗಾಜಿನ ಆಚೆ ಅಂಗೈ ಕೆಳಗಿಳಿಯಿತು. ನಾನು ಗುಂಡಿ ಎಳೆದೆ. “ಕ್ಷಮಿಸಿ, ಕರೆ ಕಡಿತವಾದಂತಿದೆ” ಎಂದೆ. ಒಂದು ಭಾವಗೀತೆ ಹೋಯಿತು.

ಇದು ನನಗೆ ಖಚಿತವಾಗಿ ನೆನಪಿದೆ. ಯಾವ ಹಾಡು ಎಂಬುದು ಮರೆತಿದೆ.

ಅವತ್ತು ಬಹಳ ಕರೆಗಳು ಉಳಿದುಹೋದವು ಎಂದು ಮುಂದಿನ ಮಂಗಳವಾರವೂ ಅದೇ ವಿಷಯ, ಅದೇ ಅಧಿಕಾರಿಯನ್ನು ಇಟ್ಟುಕೊಂಡರು. ಚಹಾ ಕುಡಿದು, ಕಳೆದ ವಾರದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಕೂತೆವು. ಮೊದಲ ಎರಡು ಕರೆ ಸುಸೂತ್ರವಾಗಿ ಆದವು. ಸಾಲಗುಂದದ ಒಬ್ಬ ಹುಡುಗಿ ಕಾಲೇಜು ಬಿಡುವ ಹೊತ್ತಿಗೆ ಇನ್ನೊಂದು ಬಸ್ ಬೇಕೆಂದಳು. ಜವಳಗೇರಾದ ಒಬ್ಬರು ನಿಲ್ದಾಣದಲ್ಲಿ ನೆರಳಿಲ್ಲ ಎಂದರು. ‘ಗಮನಕ್ಕೆ ತಗೊಂಡೀವಿ’ ಎಂದರು ಅಧಿಕಾರಿ. ಖಾಜಾಸಾಹೇಬರು ಮೂರನೆಯ ಚೀಟಿ ಅಂಟಿಸಿದರು: ಬಸಮ್ಮ, ಮಸ್ಕಿ ತಾಲ್ಲೂಕು, ವಿದ್ಯಾರ್ಥಿ ಬಸ್ ಪಾಸ್ ಹೇಗೆ ಮಾಡಿಸಬೇಕು?

ಸುಲಭದ ಪ್ರಶ್ನೆ ಎಂದುಕೊಂಡು ಗುಂಡಿ ಮೇಲೆ ಸರಿಸಿದೆ.

“ನಮಸ್ಕಾರ ಬಸಮ್ಮಾರ. ಮಾತಾಡ್ರಿ.”

ಕಿವಿಯಲ್ಲಿ ‘ಕುಂಯ್ಯ್’ ಎಂದು ಕರ್ಕಶ ಶಬ್ದ. ಫೋನಿನ ಪಕ್ಕದಲ್ಲೇ ರೇಡಿಯೋ ಜೋರಾಗಿ ಹಚ್ಚಿದ್ದರೆ ಹೀಗೆ ಕಿರುಚುತ್ತದೆ.

“ಅಮ್ಮಾ, ನಿಮ್ಮ ರೇಡಿಯೋ ಸೌಂಡ್ ಸ್ವಲ್ಪ ಸಣ್ಣ ಮಾಡ್ರಿ.”

“ಮಾಡಂಗಿಲ್ರಿ ಸರ.”

ನಾನು ನಕ್ಕೆ. “ಯಾಕ್ರೀ?”

“ಹೋದ ಮಂಗಳಾರ ಸಣ್ಣ ಮಾಡೇ ಮೋಸ ಹೋಗೀನಿ. ನಾ ಇಲ್ಲಿ ಫೋನಿನ್ಯಾಗ ಒದರಾಕತ್ತೀನಿ, ಅಲ್ಲಿ ನೀವು ಕರೆ ಕಟ್ ಆತು ಅಂದು ಹಾಡು ಹಚ್ಚೀರಿ. ಹೊಟೇಲಿನ್ಯಾಗ ಕುಂತ ಮಂದೆಲ್ಲಾ ನಕ್ಕರು. ಯಂಕಮ್ಮ, ಯಾರ ಕೂಡ ಮಾತಾಡಾಕತ್ತಿಬೇ, ರೇಡಿಯೋದಾಗ ಹಾಡು ಬರಾಕತ್ತೈತಿ ಅಂತ. ಕರೆ ಕಟ್ ಆಗಿದ್ದಿಲ್ರಿ ಸರ. ನಾ ಇನ್ನಾ ಫೋನ್ ಕಿವಿಗಿ ಹಚ್ಕೊಂಡೇ ನಿಂತಿದ್ದೆ.”

ನನ್ನ ಮುಖದ ನಗು ಹೇಗೆ ಹೋಯಿತೋ ಗೊತ್ತಿಲ್ಲ. ಅಧಿಕಾರಿ ನನ್ನನ್ನೇ ನೋಡುತ್ತಿದ್ದರು. “ಹಂಗಾರ ನೀವು ಬಸಮ್ಮ ಅಲ್ಲ?” ಎಂದೆ. ಇಷ್ಟೇ ಕೇಳಲು ತೋಚಿತು.

“ಬಸಮ್ಮ ನಮ್ಮ ಬಾಜು ಮನಿಯಾಕಿ. ಪಾಸ್ ಕೇಳ್ತೀನಿ ಅಂತ ಅಕಿ ಹೆಸರು ಬರೆಸೀನಿ. ಖರೆ ಹೇಳಿದ್ರ ಒಳಗ ಬಿಡ್ತಿದ್ರೇನು?”

ಶಬ್ದ ಇನ್ನೂ ಕಿರುಚುತ್ತಲೇ ಇತ್ತು. ಖಾಜಾಸಾಹೇಬರು ಆಚೆಯಿಂದ ಕಿವಿ ಮುಚ್ಚಿಕೊಂಡು ತೋರಿಸಿದರು. “ನಿಮ್ಮ ಮಾತು ಯಾರಿಗೂ ತಿಳಿಯಂಗಿಲ್ಲಮ್ಮ, ರೇಡಿಯೋ ದೂರನರ ಇಡ್ರಿ” ಎಂದೆ.

“ಆತು, ಹಂಗ ಮಾಡೋಣ” ಎಂದು ಅವಳು ಫೋನ್ ಹಿಡಿದುಕೊಂಡೇ ಕೂಗಿದಳು. ಆ ಕೂಗು ನಾಲ್ಕು ತಾಲ್ಲೂಕಿಗೂ ಕೇಳಿಸಿರಬೇಕು. “ಏ ಹುಲಿಗೆಮ್ಮಾ, ರೇಡಿಯೋ ತಗೊಂಡು ರಸ್ತೆ ದಾಟಿ ಹೊಟೇಲ್ ಕಡಿ ಹೋಗಬೇ! ಹೋಗಿ ಕೈ ಎತ್ತಿ ನಿಂದ್ರು! ಹಾಂ, ಅಷ್ಟು ಮ್ಯಾಲ! ನನ್ನ ಮಾತು ರೇಡಿಯೋದಾಗ ಬರೂತನಾ ಇಳಿಸಬ್ಯಾಡ!” ಆಮೇಲೆ ನನಗೆ: “ನಮ್ಮ ನೆಗೆಣ್ಣಿ ರೀ, ಮೈದುನನ ಹೇಣ್ತಿ. ಕೈ ಎತ್ತ್ಯಾಳ. ಅಕಿ ಕೈ ಇಳೀತಂದ್ರ ನೀವು ನನ್ನ ಕಟ್ ಮಾಡೀರಿ ಅಂತ ತಿಳ್ಕೋತೀನಿ. ಈಗ ಕೇಳಸ್ತೈತೇನ್ರಿ ಚೊಲೋ?”

ಚೆನ್ನಾಗಿಯೇ ಕೇಳಿಸುತ್ತಿತ್ತು. ಕಿರುಚಾಟ ನಿಂತಿತ್ತು. ಎಲ್ಲೋ ಒಂದು ರಸ್ತೆಯ ಬದಿಯಲ್ಲಿ ನಾನು ಎಂದೂ ಕಾಣದ ಒಬ್ಬ ಹೆಂಗಸು ಕೈ ಎತ್ತಿಕೊಂಡು ನಿಂತಿದ್ದಾಳೆ. ಆ ಕೈ ಮೇಲಿರುವುದೂ ಇಳಿಯುವುದೂ ನನ್ನ ಬೆರಳಿನ ಕೆಳಗಿರುವ ಪ್ಲಾಸ್ಟಿಕ್ ಗುಂಡಿಯ ಮೇಲೆ ನಿಂತಿದೆ. ಅಷ್ಟು ದಿನ ಆ ಗುಂಡಿಯ ಇನ್ನೊಂದು ತುದಿ ಎಲ್ಲಿದೆ ಎಂದು ನಾನು ಯೋಚಿಸಿರಲಿಲ್ಲ.

ಅಧಿಕಾರಿ ಗಂಟಲು ಸರಿಮಾಡಿಕೊಂಡರು. “ನೋಡ್ರಿ ಅಮ್ಮಾ, ನಿಮ್ಮ ಕ್ರಾಸಿಗೆ ಕೋರಿಕೆ ನಿಲುಗಡೆ ಐತಿ. ಕೈ ಮಾಡಿದ್ರ ಎಲ್ಲಾ ಬಸ್ ನಿಲ್ತಾವ. ನಿಮ್ಮ ಕಡಿ ಮಂದಿ ಕೈ ಮಾಡಂಗಿಲ್ಲ. ಡ್ರೈವರಿಗೆ ಹೆಂಗ ತಿಳೀಬೇಕು?”

“ಕೈ ಮಾಡಿ ಮಾಡಿ ರಟ್ಟಿ ನೋಯ್ತಾವ್ರಿ ಸಾಹೇಬ್ರ. ಹೆಂಗಸರು ಕೈ ಮಾಡಿದ್ರ ಫ್ರೀ ಮಂದಿ ಅಂತ ಬಿಟ್ಟು ಹೋಗ್ತಾರ. ನಂದು ಫ್ರೀ, ಒಪ್ಪೀನಿ. ನಮ್ಮ ಮನಿಯಾರ್ದು ರೊಕ್ಕ ಕೊಟ್ಟೇ ಟಿಕೆಟ್ ತಗೀತೀನಲ್ಲ? ದವಾಖಾನ್ಯಾಗ ಹತ್ತಕ್ಕ ಪಾಳಿ. ಈ ಬಸ್ ತಪ್ಪಿದ್ರ ಪಾಳಿ ಹೋತು. ಪಾಳಿ ಹೋದ್ರ ಕಾಲು ಬಾತು, ಉಸಿರು ಕಟ್ಟತೈತಿ. ಟಂಟಂ ಆಟೋ ಅಂತೀರಿ, ಅದು ಹತ್ತರ ಮ್ಯಾಲ ಬರತೈತಿ, ಹದಿನೈದು ಮಂದಿ ತುರುಕಿರ್ತಾರ. ಅದರಾಗ ಅವರನ್ನ ಹೆಂಗ ಕುಂದ್ರಸಲಿ?”

“ಪೇಷಂಟ್ ಹೆಸರೇನು?” ಎಂದು ಅಧಿಕಾರಿ ಕೇಳಿದರು. “ನಮ್ಮ ಮನಿಯಾರು, ನಮ್ಮ ಮನಿಯಾರು ಅಂದ್ರ ಯಾರಂತ ತಿಳೀಬೇಕು? ಹೆಸರಿಲ್ಲದ ದೂರಿಗೆ ನಾವು ಕ್ರಮ ತಗೊಳ್ಳಾಕ ಬರಂಗಿಲ್ಲ.”

ಅವರು ಕೇಳಿದ್ದು ಬೇಕೆಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರೂ ಈ ಕಡೆಯವರೇ. ನಮ್ಮ ಹಳ್ಳಿಗಳಲ್ಲಿ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡುತ್ತಾರೆ, ಅವರೇ ಹೇಳಬೇಕು. ಅಲ್ಲಿ ಹುಲಿಗೆಮ್ಮ ದೂರ ನಿಂತಿದ್ದಾಳೆ. ಊರೆಲ್ಲ ಕೇಳುತ್ತಿದೆ. ಅಧಿಕಾರಿ ‘ಮುಗೀತು’ ಎಂಬಂತೆ ನನ್ನ ಕಡೆ ತಿರುಗಿದರು.

“ಮಲ್ಲಪ್ಪ” ಎಂದಳು. “ಮಲ್ಲಪ್ಪ. ಬರಕೊಳ್ರಿ. ಬೇಕಾದ್ರ ಇನ್ನೊಮ್ಮಿ ಹೇಳ್ತೀನಿ. ಇಲ್ಲೇ ಕಲ್ಲಿನ ಮ್ಯಾಲ ಕುಂತಾರ, ಇವತ್ತ ಮಂಗಳಾರ. ಬಸ್ ಬರೂ ಹೊತ್ತಾತು. ನಿಲ್ತೈತಿ ಅಂದ್ರಲ್ಲ ಸಾಹೇಬ್ರ? ಇಲ್ಲೇ ಇರ್ರಿ, ಕೂಡೇ ನೋಡೋಣು.”

ಮೇಡಂ ಎದ್ದು ನಿಂತರು. ಗಾಜಿನ ಆಚೆ ಅಂಗೈ ಕೆಳಗಿಳಿಯಿತು. ನಾನು ನೋಡಿದೆ. ಮತ್ತೊಮ್ಮೆ ಇಳಿಯಿತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು.

“ಬಂತ್ರಿ! ಕೈ ಮಾಡಾಕತ್ತೀನಿ ನೋಡ್ರಿ. ಎಲ್ಲಾರೂ ಮಾಡಾಕತ್ತೀವಿ.” ದೂರದಿಂದ ಒಂದು ದೊಡ್ಡ ಗಾಡಿಯ ಸದ್ದು ಏರುತ್ತ ಬಂತು. ಯಾರೋ ಗಂಡಸು “ಹೋಯ್, ಹೋಯ್!” ಎಂದು ಕೂಗಿದ. ಉದ್ದಕ್ಕೆ ಹಾರ್ನ್. ಸದ್ದು ಒಮ್ಮೆ ಕಿವಿ ತುಂಬಿ, ಹಾಗೆಯೇ ಇಳಿಯುತ್ತ ಹೋಯಿತು. ಸ್ವಲ್ಪವೂ ನಿಧಾನವಾಗಲಿಲ್ಲ.

“ಹೋತ್ರಿ” ಎಂದಳು ಯಂಕಮ್ಮ.

“ಅದು ಲಾರಿ ಇರಬೇಕು” ಎಂದರು ಅಧಿಕಾರಿ.

“ಲಾರಿಗಿ ಕಂಡಕ್ಟರ್ ಇರ್ತಾನೇನ್ರಿ? ಬಾಗಿಲದಾಗ ನಿಂತು, ಹಿಂದಿನ ಬಸ್ಸಿಗಿ ಬರ್ರಿ ಅಂತ ಕೈ ಮಾಡಿ ಹೋದ. ಹಿಂದಿನ ಬಸ್ ಹನ್ನೊಂದಕ್ಕ ಐತ್ರಿ. ನಮ್ಮ ಮಲ್ಲಪ್ಪಗ ಹಿಂದಿನ ಕಿಡ್ನಿ ಇಲ್ಲ.”

ಇಲ್ಲಿಗೆ ಬರುವವರೆಗೆ ಆ ದಿನದ ನನ್ನ ನೆನಪು ಎಲ್ಲೂ ತಡವರಿಸುವುದಿಲ್ಲ. ಮುಂದಿನದು ಹೀಗೆ ನೆನಪಿದೆ: ಮೂರನೆಯ ಸಲ ಅಂಗೈ ಇಳಿಯಿತು. ನಾನು ಗುಂಡಿಯ ಮೇಲಿಂದ ಬೆರಳು ತೆಗೆದೆ. ಮೈಕಿನ ಹತ್ತಿರ ಬಾಗಿ, “ಯಂಕಮ್ಮಾರ, ಹೋದ ವಾರ ನಿಮ್ಮ ಕರೆ ಕಡಿತವಾಗಿರಲಿಲ್ಲ. ನಾನೇ ಕತ್ತರಿಸಿದ್ದೆ. ತಪ್ಪಾಯಿತು” ಎಂದೆ. ಅಧಿಕಾರಿಯ ಮುಖ ಬಿಳಿಚಿತು. ಆಮೇಲೆ ಅವರಿಗೆ ದಾರಿ ಉಳಿಯಲಿಲ್ಲ. “ಶುಕ್ರವಾರದಿಂದ ಆ ಬಸ್ ನಿಲ್ತೈತಿ. ನಾನೇ ಬರೆದು ಕೊಡ್ತೀನಿ” ಎಂದು ಪ್ರಸಾರದಲ್ಲೇ ಹೇಳಿದರು.

ಅಧಿಕಾರಿ ಹಾಗೆ ಹೇಳಿದ್ದು ಖಂಡಿತ. ಅದನ್ನು ಬಹಳ ಜನ ಕೇಳಿದ್ದಾರೆ.

ಕಾರ್ಯಕ್ರಮ ಮುಗಿದ ಮೇಲೆ ಅಧಿಕಾರಿ ಚಹಾ ಕುಡಿಯದೆ ಹೋದರು. ಮೇಡಂ ಕೂಗಾಡುವವರಲ್ಲ. “ಮೂರು ಸಲ ತೋರಿಸಿದೆ. ನಿಮಗೆ ಕಾಣಲಿಲ್ಲವೇ?” ಎಂದರು.

“ಕಂಡಿತು ಮೇಡಂ.”

“ಕಂಡೂ ಎಳೆಯಲಿಲ್ಲ.”

“ಎಳೆಯಲಿಲ್ಲ.”

“ನಾಳೆ ಮೇಲಿನವರು ನನ್ನನ್ನು ಕೇಳುತ್ತಾರೆ, ನಿಮ್ಮನ್ನಲ್ಲ” ಎಂದರು. ಅದೂ ನಿಜವೇ. ಮುಂದಿನ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ, ಅದರ ಮುಂದಿನ ತಿಂಗಳೂ ಇರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಒಂದು ಅರ್ಜಿ ಬರೆದುಕೊಡಿ, ಕ್ಷಮೆ ಕೇಳಿದ ಹಾಗೆ ಎರಡು ಸಾಲು ಹಾಕಿ, ಸರಿಹೋಗುತ್ತದೆ ಎಂದು ಒಬ್ಬರು ಹೇಳಿ ಕಳಿಸಿದರು. ಬರೆಯಲಿಲ್ಲ. ಕ್ಷಮೆ ಕೇಳಬೇಕಾದವರ ಹತ್ತಿರ ಪ್ರಸಾರದಲ್ಲೇ ಕೇಳಿದ್ದೇನೆ ಎಂಬ ಜಂಬ ನನಗಿತ್ತು.

ಆ ಜಂಬವನ್ನು ಸಿಂಧನೂರಿನ ಗೆಳೆಯರ ಮುಂದೆ ಬಹಳ ದಿನ ಕೊಚ್ಚಿಕೊಂಡೆ. ಚಹಾದಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ. ಒಂದೊಂದು ಸಲ ಹೇಳುವಾಗಲೂ ನನ್ನ ಮಾತು ಒಂದೊಂದು ಪದ ಉದ್ದವಾಗುತ್ತಿತ್ತು. ಸುಮಾರು ವರ್ಷವಾದ ಮೇಲೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಖಾಜಾಸಾಹೇಬರು ಸಿಕ್ಕರು. ನಿವೃತ್ತರಾಗಿದ್ದರು. ಜೊತೆಗಿದ್ದ ಗೆಳೆಯನಿಗೆ ಅವರ ಮುಂದೆಯೇ ಈ ಕಥೆ ಹೇಳಿದೆ. ಸಾಕ್ಷಿ ಎದುರಿಗೇ ಇದ್ದಾರೆ ಎಂಬ ಧೈರ್ಯ.

ಖಾಜಾಸಾಹೇಬರು ಕೊನೆಯವರೆಗೆ ಕೇಳಿ, “ಅರೇ ಮಾಸ್ತರ್, ನೀವು ಯಾವಾಗ ಅಂದ್ರಿ ಹಂಗ?” ಎಂದರು.

“ಅವತ್ತೇ. ಬಸ್ ಹೋದ ಮ್ಯಾಲ.”

“ನನ್ನ ಕಿವಿಗಿ ಹೆಡ್‌ಫೋನ್ ಇತ್ತು. ನೀವು ಸುಮ್ಮ ಕುಂತಿದ್ರಿ. ಹೆಣದಂಗ ಕುಂತಿದ್ರಿ. ನಾನೇ ಗಾಬರಿ ಆಗಿದ್ದೆ, ಈ ಮನಷ್ಯಾಗ ಏನಾತು ಅಂತ.”

“ನೀವು ಮರೆತೀರಿ.”

“ಹೋಗ್ಲಿ, ಮರ್ತೀನಿ. ವಯಸ್ಸಾತು” ಎಂದು ನಕ್ಕರು. ಅವರು ಅಷ್ಟು ಬೇಗ ಬಿಟ್ಟುಕೊಟ್ಟದ್ದೇ ನನಗೆ ಚುಚ್ಚಿತು. ಧ್ವನಿಮುದ್ರಣ ಕೇಳೋಣವೆಂದರೆ ಕೇಂದ್ರದಲ್ಲಿ ಹಳೆಯದನ್ನು ಅಳಿಸಿ ಹೊಸದು ತುಂಬುವ ಪದ್ಧತಿ. ಅದು ಯಾವತ್ತೋ ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಬಿಡುತ್ತಿದ್ದರು. ನನಗೆ ಬಿಡಲಾಗಲಿಲ್ಲ. ನಾನು ಪಾಠ ಮಾಡುವಾಗ ಶಾಸನ ಕೆತ್ತಿಸಿದ ರಾಜನನ್ನೂ ನಂಬುವುದಿಲ್ಲ, ಹುಡುಗರಿಗೂ ನಂಬಬೇಡಿ ಎನ್ನುತ್ತೇನೆ. ನನ್ನ ಬಾಯಿಯ ಶಾಸನಕ್ಕೆ ಮಾತ್ರ ರಿಯಾಯಿತಿ ಯಾಕೆ? ಆ ದಿನ ನನ್ನ ಬಾಯಿಂದ ಏನು ಬಂತು, ಏನು ಬರಲಿಲ್ಲ ಎಂದು ಕಿವಿಗೊಟ್ಟು ಕೇಳಿದ ಒಬ್ಬಳು ಇದ್ದಾಳೆ. ಅದೇ ಕೆಲಸಕ್ಕೆಂದು ರೇಡಿಯೋ ಹಿಡಿದು ನಿಂತವಳು. ಒಂದು ಭಾನುವಾರ ಮಸ್ಕಿಯಲ್ಲಿ ಬಸ್ ಬದಲಿಸಿ ಹೊರಟೆ.

ಕಂಡಕ್ಟರಿಗೆ ಊರಿನ ಹೆಸರು ಹೇಳಿ ಕ್ರಾಸಿನಲ್ಲಿ ನಿಲ್ಲಿಸುತ್ತೀರಾ ಎಂದು ಕೇಳಿದೆ.

“ರೇಡಿಯೋ ಕ್ರಾಸ್ ಏನ್ರಿ? ನಿಲ್ಲಿಸಲೇಬೇಕಲ್ರಿ” ಎಂದ. “ಆ ಹೆಣ್ಣುಮಕ್ಕಳ ಸಹವಾಸ ಅಲ್ಲ.”

ಏನು ಸಹವಾಸ ಎಂದು ಇಳಿದ ಮೇಲೆ ತಿಳಿಯಿತು. ಕ್ರಾಸಿನ ಹೊಟೇಲಿನಲ್ಲಿ ಕೇಳಿದರೆ ಯಂಕಮ್ಮನ ಮನೆ ತೋರಿಸುವ ಮೊದಲು ಅಲ್ಲಿದ್ದವರೇ ಹೇಳಿದರು. ಅಧಿಕಾರಿಯ ಕಾಗದ ಬಂದ ಮೇಲೆ ತಿಂಗಳೊಪ್ಪತ್ತು ಬಸ್ ನಿಂತಿತಂತೆ. ಆಮೇಲೆ ಡ್ರೈವರ್ ಬದಲಾದ, ಮತ್ತೆ ಹಾಯ್ದು ಹೋಗತೊಡಗಿತು. ಆಗ ಯಂಕಮ್ಮ ಒಂದು ದಿನ ಬಸ್ ಕಾಣಿಸಿದ ಕೂಡಲೇ ಕೈ ಮಾಡುವುದು ಬಿಟ್ಟು, ರಸ್ತೆಯ ಅಂಚಿಗೆ ಬಂದು ಫೋನ್ ಕಿವಿಗಿಟ್ಟುಕೊಂಡು ಬಸ್ಸಿನ ಬೋರ್ಡನ್ನೇ ನೋಡುತ್ತ ರೇಡಿಯೋದವರಿಗೆ ಏನೋ ಹೇಳುವವಳಂತೆ ನಿಂತಳಂತೆ. ಬಸ್ ಗಕ್ಕನೆ ನಿಂತಿತು. ಅವತ್ತಿನಿಂದ ಅದೇ ರೂಢಿ. ಆಸ್ಪತ್ರೆಗೆ, ಸಂತೆಗೆ, ಕೂಲಿಗೆ ಹೋಗುವ ಹೆಂಗಸರೆಲ್ಲ ಬಸ್ ಬರುತ್ತಲೂ ಫೋನ್ ಕಿವಿಗಿಡುತ್ತಾರೆ. “ಫೋನ್ ಇಲ್ಲದ ಒಬ್ಬಾಕಿ ಮುದುಕಿ ಎಲಿ ಅಡಿಕಿ ಚೀಲ ಕಿವಿಗಿ ಹಚ್ತಾಳ್ರಿ” ಎಂದು ಹೊಟೇಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಅದಕ್ಕೂ ನಿಲ್ತಾನ!”

ಯಂಕಮ್ಮನ ಮನೆಯ ಮುಂದೆ ಮಲ್ಲಪ್ಪ ಬೇವಿನ ನೆರಳಿಗೆ ಮಂಚ ಹಾಕಿಕೊಂಡು ಕೂತಿದ್ದ. ಬಹಳ ಸೊರಗಿದ ಮನುಷ್ಯ, ಮಿಷನ್ನಿಗೆ ಹಚ್ಚುವ ಎಡಗೈಯ ನರ ಹಗ್ಗದಂತೆ ಉಬ್ಬಿತ್ತು. ನಾನು ಯಾರೆಂದು ಹೇಳಿದ ಮೇಲೆ ಆ ದಿನದ ಉಳಿದ ಸುದ್ದಿ ಹೇಳಿದ. ಬಸ್ ಹೋದ ಮೇಲೆ, ಹಿಂದಿನ ವಾರ ಯಂಕಮ್ಮನನ್ನು ನೋಡಿ ನಕ್ಕಿದ್ದ ಹೊಟೇಲಿನವರೇ ಇಬ್ಬರು ಮೋಟಾರ್ ಸೈಕಲ್ ತೆಗೆದು, ಇವನನ್ನು ನಡುವೆ ಕೂರಿಸಿಕೊಂಡು ಲಿಂಗಸುಗೂರಿಗೆ ಮುಟ್ಟಿಸಿದರಂತೆ. ಪಾಳಿ ತಪ್ಪಲಿಲ್ಲ.

“ಊರಾಗ ಬಸ್ಸಿನ ಸುದ್ದಿ ಎರಡು ದಿನ ಆಡಿದ್ರು” ಎಂದ ಮಲ್ಲಪ್ಪ. “ಈಕಿ ನನ್ನ ಹೆಸರು ತಗೊಂಡಿದ್ದು ವರ್ಷ ಆತು, ಇನ್ನಾ ಆಡಾಕತ್ತಾರ. ಇಪ್ಪತ್ತೆರಡು ವರ್ಷ ಸಂಸಾರ ಮಾಡೀನಿ, ಈಕಿ ಬಾಯಾಗ ನನ್ನ ಹೆಸರು ಕೇಳಿದ್ದು ಅವತ್ತೇ ಮೊದಲ. ಅದೂ ಊರ ಮಂದಿ ಕೂಡ ಕುಂತು.”

“ಸುಮ್ಮ ಕುಂದ್ರ್ರಿ” ಎಂದು ಒಳಗಿನಿಂದ ಯಂಕಮ್ಮ ಗದರಿದಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ದನಿ ಮಾತ್ರ ಅದೇ. ಚಹಾ ತಂದಿಟ್ಟು, ಪಕ್ಕದ ಮನೆಗೆ ಕೂಗು ಹಾಕಿ ಹುಲಿಗೆಮ್ಮನನ್ನು ಕರೆದಳು.

ನಾನು ಬಂದ ಕೆಲಸ ಹೇಳಿದೆ. ಬಸ್ ಹೋದ ಮೇಲೆ, ಅಧಿಕಾರಿ ಮಾತು ಕೊಡುವ ಮೊದಲು, ರೇಡಿಯೋದಲ್ಲಿ ನಾನು ಏನಂದೆ?

ಹುಲಿಗೆಮ್ಮ ಯೋಚಿಸಲೂ ಇಲ್ಲ. “ನೀವು ಏನೂ ಅನ್ಲಿಲ್ರಿ ಸರ.”

“ಸರಿಯಾಗಿ ನೆನಪು ಮಾಡ್ಕೋರಿ. ಕರೆ ನಾನೇ ಕತ್ತರಿಸಿದ್ದೆ ಅಂತ...”

“ಇಲ್ರಿ. ಒಂದು ಕೈಯಾಗ ರೇಡಿಯೋ, ಒಂದು ಕೈ ಮ್ಯಾಲ. ಕೈ ಜೋಮು ಹಿಡಿದು ಕಡ್ಡಿ ಆಗಿತ್ತು. ಯಾವಾಗ ಇಳಿಸೂದ ಬರತೈತೋ ಅಂತ ಒಂದು ಅಕ್ಷರ ಬಿಡದಂಗ ಕೇಳೀನಿ. ಅಕ್ಕ ಮಾತಾಡಿದ್ಲು, ಸಾಹೇಬ ಮಾತಾಡಿದ. ನೀವು ಹೂಂ ಅಂತ ಸುದ್ದಾ ಅನ್ಲಿಲ್ಲ.”

“ಅಂದಿರಬೇಕು ಬಿಡಬೇ” ಎಂದಳು ಯಂಕಮ್ಮ, ಅವಳನ್ನು ಮೊಣಕೈಯಿಂದ ತಿವಿದು. “ಪಾಪ, ಸಿಂಧನೂರಿಂದ ಬಂದಾರ.”

“ಅಂದಿದ್ರ ಅಂದಾರ ಅಂತಿದ್ದೆ. ಇಲ್ಲದ್ದು ಹೆಂಗ ಹೇಳ್ಲಿ?”

ಮಲ್ಲಪ್ಪ ನಕ್ಕ. ನನಗೆ ನಗು ಬರಲಿಲ್ಲ. ಹುಲಿಗೆಮ್ಮನ ಸಾಕ್ಷ್ಯವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಅವಳಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ. ಖಾಜಾಸಾಹೇಬರಿಗೂ ಇರಲಿಲ್ಲ. ಇದ್ದದ್ದು ನನಗೆ ಮಾತ್ರ. ಬೆರಳು ತೆಗೆದದ್ದೂ ಬೇಕೆಂದೇ ತೆಗೆದೆನೋ, ಹೆದರಿ ಮರಗಟ್ಟಿ ಕೂತೆನೋ, ಈಗ ಹೇಳಲಾರೆ. ಹೇಳಬೇಕೆಂದುಕೊಂಡ ಮಾತನ್ನು ಮನಸ್ಸಿನಲ್ಲೇ ಹೇಳಿ, ಆಮೇಲೆ ವರ್ಷವಿಡೀ ಅದನ್ನೇ ಪ್ರಸಾರ ಮಾಡಿದ್ದೆ.

“ಯಂಕಮ್ಮಾರ, ಅವತ್ತು ಹೇಳದಿದ್ದರ ಇವತ್ತು ಹೇಳ್ತೀನಿ” ಎಂದೆ. “ಮೊದಲನೇ ಸಲ ನಿಮ್ಮ ಕರೆ ಕಟ್ ಆಗಿರಲಿಲ್ಲ. ನಾನೇ ಕಟ್ ಮಾಡಿದ್ದು. ಸುಳ್ಳು ಹೇಳಿದೆ.”

ಅವಳು ಚಹಾದ ಲೋಟ ಎತ್ತಿಟ್ಟುಕೊಂಡಳು. ಸಿಟ್ಟಾಗಲಿಲ್ಲ, ಕರಗಲೂ ಇಲ್ಲ.

“ಅದು ನನಗ ಅವತ್ತೇ ಗೊತ್ತಿತ್ತಲ್ರಿ. ನನಗ ಹೇಳಿದ್ರ ಏನ್ ಬಂತು? ಕಟ್ ಆತು ಅಂತ ನೀವು ಅಂದಿದ್ದು ಊರೂರು ಮಂದಿ ಕೇಳ್ಯಾರ. ಖರೆ ಹೇಳೂ ಮನಸ್ಸಿದ್ರ ಊರೂರು ಮಂದಿ ಕೇಳೂ ಹಂಗ ಹೇಳ್ರಿ. ನಮ್ಮ ಮನಿ ಕಟ್ಟಿ ಮ್ಯಾಲ ಕುಂತು ಅಲ್ಲ.”

ಸಂಜೆ ಹೊರಟಾಗ ಅವಳೇ ಕ್ರಾಸಿನವರೆಗೆ ಬಂದು, ಫೋನ್ ಕಿವಿಗಿಟ್ಟು ನನಗೆ ಬಸ್ ನಿಲ್ಲಿಸಿಕೊಟ್ಟಳು.

ನನಗೆ ಈಗ ಮೈಕ್ ಇಲ್ಲ. ಯಾರೂ ಕೊಡುವುದೂ ಇಲ್ಲ, ನಾನು ಕೇಳುವುದೂ ಇಲ್ಲ. ಆದರೆ ಊರೂರು ಮಂದಿ ಓದುವ ಪುಟ ಇದೆ ಎಂದು ಬರೆಯುತ್ತಿದ್ದೇನೆ. ಆ ಮಂಗಳವಾರ ಬೆಳಿಗ್ಗೆ ರೇಡಿಯೋ ಕೇಳುತ್ತಿದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮಸ್ಕಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಬಸ್ಸಿನ ಬಗ್ಗೆ ಮಾತಾಡುವಾಗ ಕರೆ ಕಡಿತವಾಯಿತು ಎಂದು ಕೇಳಿಸಿಕೊಂಡಿದ್ದರೆ, ಅದು ನಿಜವಲ್ಲ. ಲೈನು ಚೆನ್ನಾಗಿತ್ತು. ಅವಳು ಫೋನ್ ಹಿಡಿದುಕೊಂಡೇ ನಿಂತಿದ್ದಳು. ಕತ್ತರಿಸಿದವನು ನಾನು. ಅವಳೊಬ್ಬಳದ್ದಲ್ಲ, ಅದಕ್ಕೂ ಮೊದಲಿನ ಎಷ್ಟೋ ಕರೆಗಳನ್ನೂ. ಅವರ ಹೆಸರುಗಳು ನನಗೆ ನೆನಪಿಲ್ಲ. ನಿಮ್ಮ ಕರೆಯೂ ಹಾಗೆ ಕಡಿತವಾಗಿದ್ದರೆ, ನೀವು ಮಾತಾಡಿದ್ದರಲ್ಲಿ ತಪ್ಪಿರಲಿಲ್ಲ. ಮತ್ತೆ ಮಾಡಿರಿ. ರೇಡಿಯೋ ಸಣ್ಣ ಮಾಡಬೇಡಿರಿ.